ಕಣ್ಣು ಮುಚ್ಚಿ ಒತ್ತಿದ ಬೆನ್ನು

ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಕೈ ಮೇಷ್ಟ್ರು ಒಂದು ಬಕೆಟ್ ನೀರು ಎತ್ತಿದವರಲ್ಲ, ಬಿಗಿಯಾದ ಒಂದು ಡಬ್ಬಿಯ ಮುಚ್ಚಳ ತಿರುಗಿಸಿದವರಲ್ಲ, ಗೋಡೆಗೆ ಒಂದು ಮೊಳೆ ಹೊಡೆದವರಲ್ಲ. ಸೋಮಾರಿ ಎಂದರೆ ಅವರಿಗೆ ಕೋಪ ಬರುತ್ತಿತ್ತು. ಮದುವೆಯಾದ ಮೊದಲ ವಾರದಲ್ಲೇ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಎರಡೂ ಅಂಗೈಗಳನ್ನು ತಟ್ಟೆಯ ಹಾಗೆ ಮುಂದೆ ಹಿಡಿದು, "ನೋಡು, ಇವು ನನ್ನ ಕೈ ಅಲ್ಲ. ಊರಿನವರ ಬೆನ್ನಿಗೆ ಸೇರಿದ್ದು. ಜೋಪಾನ ಮಾಡೋದಷ್ಟೇ ನನ್ನ ಪಾಲಿಗೆ ಬಂದಿರೋದು," ಎಂದು ತಿಳಿಯಹೇಳಿದ್ದರು. ಆಗ ಹೊಸ ಹೆಂಡತಿ, ನಂಬಿದಳು. ನಂಬಿಕೆ ಹೋಗುವ ಹೊತ್ತಿಗೆ ಬಕೆಟ್ ಎತ್ತುವುದು ಅಭ್ಯಾಸವಾಗಿಬಿಟ್ಟಿತ್ತು.

'ಕೈ ಮೇಷ್ಟ್ರು' ಎಂದು ಹೆಸರಿಟ್ಟವನು ಬಾಮೈದ. "ನಮ್ಮ ಭಾವನ ಮೈಯಲ್ಲಿ ವಿದ್ಯಾವಂತ ಅಂದ್ರೆ ಕೈಯೊಂದೇ, ಮಿಕ್ಕಿದ್ದೆಲ್ಲ ಸ್ಕೂಲಿನ ಮುಖ ನೋಡಿಲ್ಲ," ಎಂದು ನಗಾಡಲು ಇಟ್ಟ ಹೆಸರು ಅದು. ಮೇಷ್ಟ್ರು ಅದರಲ್ಲಿನ ಗೇಲಿಯನ್ನು ಸೋಸಿ ಬಿಸಾಡಿ, ಗೌರವವನ್ನಷ್ಟೇ ಉಳಿಸಿಕೊಂಡು, ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದರು. ಬಾಮೈದ ಆಮೇಲೆ ಆ ವಿಷಯದಲ್ಲಿ ತಮಾಷೆ ಮಾಡುವುದನ್ನೇ ಬಿಟ್ಟ.

ಅವರು ಕೆಲಸ ಮಾಡುವ ಮಾಲೀಸು ಕೇಂದ್ರ ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹತ್ತಲು ಇಪ್ಪತ್ತೆರಡು ಕಡಿದಾದ ಮೆಟ್ಟಿಲು. ಮಾಲೀಸು ಬೇಕಾದವರಿಗೆ ಆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಹತ್ತಬಲ್ಲವರಿಗೆ ಮಾಲೀಸು ಬೇಕಾಗಿರಲಿಲ್ಲ. ಇವೆರಡರ ನಡುವೆ ಎಲ್ಲೋ ಸಿಕ್ಕಿಕೊಂಡವರಿಂದ ಕೇಂದ್ರ ನಡೆಯುತ್ತಿತ್ತು. ಮೇಲೆ ಪರದೆ ಕಟ್ಟಿದ ನಾಲ್ಕು ಕೋಣೆ, ಪ್ರತಿ ಕೋಣೆಯಲ್ಲಿ ಒಂದು ಕಿರಿದಾದ ಮಂಚ, ಮಂಚದ ತಲೆಯ ಕಡೆ ಮುಖ ಇಡಲು ಒಂದು ತೂತು. ಬೋರಲು ಮಲಗಿದವರಿಗೆ ಆ ತೂತಿನಲ್ಲಿ ಕಾಣಿಸುವುದು ನೆಲ ಮತ್ತು ಮಾಲೀಸು ಮಾಡುವವರ ಕಾಲು. ಹೀಗಾಗಿ ಹತ್ತಾರು ವರ್ಷದಿಂದ ಬರುತ್ತಿದ್ದವರಿಗೂ ಮೇಷ್ಟ್ರ ಮುಖಕ್ಕಿಂತ ಅವರ ಚಪ್ಪಲಿಯ ಪರಿಚಯವೇ ಹೆಚ್ಚು.

ಮೂರು ತಿಂಗಳ ಹಿಂದೆ ಕೇಂದ್ರದ ಯಜಮಾನ್ತಿ ಹಳೆಯ ಬೋರ್ಡು ತೆಗೆಸಿ ಹೊಸದು ಬರೆಸಿದ್ದಳು. ಹಳೆಯದರಲ್ಲಿ 'ಮಾಲೀಸು' ಎಂದಷ್ಟೇ ಇತ್ತು. ಹೊಸದರಲ್ಲಿ ಹನ್ನೊಂದು ಬಗೆ. ಎಣ್ಣೆ ಹಚ್ಚಿ ಉದ್ದುದ್ದಕ್ಕೆ ನೀವಿದರೆ ಸ್ವೀಡಿಷ್. ಬಟ್ಟೆ ಹಾಕಿಕೊಂಡೇ ಚಾಪೆಯ ಮೇಲೆ ಮಲಗಿ ಕೈಕಾಲು ಎಳೆಸಿಕೊಂಡರೆ ಥಾಯ್. ಬೆನ್ನಹುರಿಯ ಉದ್ದಕ್ಕೂ ಬಿಸಿ ಕಲ್ಲು ಜೋಡಿಸಿದರೆ ಅದಕ್ಕೊಂದು ಹೆಸರು, ಆಫೀಸಿನವರನ್ನು ಕುರ್ಚಿಯಲ್ಲೇ ಕೂರಿಸಿ ಭುಜ ತಟ್ಟಿ ಕಳಿಸಿದರೆ ಇನ್ನೊಂದು. ಪಾದದ ಮಾಲೀಸಿಗೆ ಗೋಡೆಯ ಮೇಲೊಂದು ಅಂಗಾಲಿನ ನಕ್ಷೆಯೇ ಇತ್ತು; ಅದರ ಪ್ರಕಾರ ಮನುಷ್ಯನ ಪಿತ್ತಕೋಶ, ಮೂತ್ರಪಿಂಡಗಳೆಲ್ಲ ಸೈಟು ಹಂಚಿಕೊಂಡವರ ಹಾಗೆ ಅಂಗಾಲಿನಲ್ಲಿ ಸಾಲಾಗಿ ನೆಲೆಸಿದ್ದವು. ಮೇಷ್ಟ್ರ ಪ್ರಕಾರ ಜಗತ್ತಿನಲ್ಲಿ ಮಾಲೀಸು ಇರುವುದು ಎರಡೇ ಬಗೆ: ತಾವು ಮಾಡುವುದು, ಮಿಕ್ಕವರು ಮಾಡುವುದು. ಆದರೂ ಬೋರ್ಡಿಗೆ ಅವರು ತಕರಾರು ಎತ್ತಲಿಲ್ಲ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, 'ಆಳದ ಒತ್ತು: ಕೈ ಮೇಷ್ಟ್ರು. ಕಣ್ಣು ಮುಚ್ಚಿ ನೋಡುವ ಕೈ' ಎಂದಿತ್ತು. ಆ ಸಾಲು ಸೂಚಿಸಿದವರು ಸ್ವತಃ ಅವರೇ.

ಕಣ್ಣು ಮುಚ್ಚುವುದು ಮಾತ್ರ ಬೂಟಾಟಿಕೆಯಾಗಿರಲಿಲ್ಲ. ಬೆನ್ನಿನ ಮೇಲೆ ಕೈ ಇಟ್ಟ ಕ್ಷಣ ಅವರು ಕಣ್ಣು ಮುಚ್ಚುತ್ತಿದ್ದರು. ಟವೆಲ್ ಹೊದಿಸುವವರೆಗೆ ತೆರೆಯುತ್ತಿರಲಿಲ್ಲ. "ಕಣ್ಣು ತೆರೆದ್ರೆ ಅದು ಮುಂದೆ ಓಡಿಹೋಗುತ್ತೆ, ಬೆರಳು ಹಿಂದೆ ಉಳಿಯುತ್ತೆ. ಬೆನ್ನಿನ ಮೇಲೆ ನೋಡೋಕೇನಿದೆ? ಇರೋದೆಲ್ಲ ಒಳಗಡೆ," ಎನ್ನುತ್ತಿದ್ದರು. ಒಪ್ಪಬೇಕಾದ ಮಾತೆಂದರೆ, ಆ ಕೈ ನಿಜಕ್ಕೂ ಒಳ್ಳೆಯ ಕೈ. ಮೊದಲ ಸಲ ಬಂದವರ ಭುಜ ಮುಟ್ಟಿ, "ಫೋನನ್ನ ಎಡಗಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಸಿಕೊಂಡು ಮಾತಾಡ್ತೀರಿ, ಅಲ್ವಾ?" ಎಂದರೆ ಅದು ಹೌದಾಗಿರುತ್ತಿತ್ತು. ಲಾರಿ ಡ್ರೈವರುಗಳು, ದರ್ಜಿಗಳು, ದಿನವಿಡೀ ನಿಂತು ಪಾಠ ಮಾಡುವವರು, ಎಲ್ಲರೂ ಅವರ ಕೈ ಕೆಳಗೆ ಒಮ್ಮೆ ನಿಟ್ಟುಸಿರು ಬಿಟ್ಟು ಎದ್ದುಹೋದವರೇ.

ಕೇಂದ್ರದಲ್ಲಿ ಇನ್ನೊಬ್ಬಳಿದ್ದಳು. ನಲವತ್ತರ ಆಸುಪಾಸಿನ ಹೆಂಗಸು. ಅವಳು ಬಳಸುವ ಎಣ್ಣೆಯ ವಾಸನೆಯಿಂದಾಗಿ ಎಲ್ಲರೂ ಅವಳನ್ನು ನಿಂಬೆಹುಲ್ಲು ಎನ್ನುತ್ತಿದ್ದರು. ಊದಿದ ಕೈಕಾಲಿನಲ್ಲಿ ಚರ್ಮದ ಕೆಳಗೆ ನಿಂತ ನೀರನ್ನು ಮೆಲ್ಲಗೆ ಸವರಿ ಸವರಿ ದಾರಿ ಹಿಡಿಸುವುದು ಅವಳು ಕಲಿತ ವಿದ್ಯೆ. ಅವಳ ಕೈ ಎಷ್ಟು ಹಗುರ ಎಂದರೆ, ಮಲಗಿದವರು "ಯಾವಾಗ ಶುರು ಮಾಡ್ತೀರಿ?" ಎಂದು ಕೇಳಿದ್ದುಂಟು.

"ನೀನು ಮಾಡೋದು ಮಾಲೀಸಲ್ಲಮ್ಮ, ಧೂಳು ಹೊಡೆಯೋದು," ಎಂದು ಮೇಷ್ಟ್ರು ಕಿಚಾಯಿಸುತ್ತಿದ್ದರು.

"ನೀವು ಮಾಡೋದು ರಸ್ತೆ ರಿಪೇರಿ ಮೇಷ್ಟ್ರೆ," ಎಂದು ಅವಳು ಟವೆಲ್ ಮಡಿಸುತ್ತಾ ಹೇಳುತ್ತಿದ್ದಳು.

ಇದು ನಗೆಯಲ್ಲಿ ಮುಗಿಯುತ್ತಿದ್ದ ಕಾಲದ ಮಾತು.

ಬಲಗೈಯಲ್ಲಿ ಜೋಮು ಶುರುವಾಗಿ ಒಂದು ವರ್ಷವಾಗಿತ್ತು. ಬೆಳಿಗ್ಗೆ ಎದ್ದರೆ ಕೈ ಇನ್ನೂ ಮಲಗಿಯೇ ಇರುತ್ತಿತ್ತು, ಕೊಡವಿದರೆ ಎಚ್ಚರವಾಗುತ್ತಿತ್ತು. ಮೇಷ್ಟ್ರು ದಿಂಬಿನ ಮೇಲೆ ಅನುಮಾನಪಟ್ಟು ದಿಂಬು ಬದಲಾಯಿಸಿದರು. ಆಮೇಲೆ ಹಾಸಿಗೆಯ ಮೇಲೆ ಅನುಮಾನಪಟ್ಟರು. ಕ್ರಮೇಣ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಕೊಡವಿದರೂ ಏಳದಂತಾದವು. ತುದಿಗೆ ಹತ್ತಿ ಸುತ್ತಿದ ಹಾಗೆ. ಆಗ ಅವರು ಜನರ ಬೆನ್ನಿನ ಮೇಲೆ ಅನುಮಾನಪಟ್ಟರು. "ಇತ್ತೀಚೆಗೆ ಬೆನ್ನುಗಳೇ ಮಂಕಾಗಿಬಿಟ್ಟಿವೆ ಕಣೇ. ಮುಂಚಿನ ಹಾಗೆ ಮಾತಾಡಲ್ಲ," ಎಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದರು. ಹೆಂಡತಿ ಮನೆಯಲ್ಲೇ ಬಟ್ಟೆ ಆಲ್ಟರೇಷನ್ ಮಾಡುವವಳು. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ದಿನ ಕಳೆಯುವುದರಿಂದ ಕಡಿಮೆ ಮಾತಾಡಿ ಅಭ್ಯಾಸ. ಅವರ ಕೈಯನ್ನೊಮ್ಮೆ ನೋಡಿ ಸಾರು ಬಡಿಸಿದಳು.

ಬೆನ್ನು ಮಾತಾಡದಿದ್ದರೆ ಮಾತಾಡಿಸಬೇಕು. ಮೇಷ್ಟ್ರು ಇನ್ನಷ್ಟು ಒತ್ತತೊಡಗಿದರು.

ಟೈಪಿಸ್ಟಮ್ಮ ಎಂದು ಅವರು ಕರೆಯುತ್ತಿದ್ದ ಎಪ್ಪತ್ತರ ಹೆಂಗಸು ಹನ್ನೊಂದು ವರ್ಷದಿಂದ ಪ್ರತಿ ಮಂಗಳವಾರ ಬರುತ್ತಿದ್ದವರು. ಮೂವತ್ತಾರು ವರ್ಷ ಒಂದೇ ಕಚೇರಿಯಲ್ಲಿ ಟೈಪು ಕುಟ್ಟಿ ಕತ್ತು, ಭುಜ, ಬೆನ್ನಿನ ಮೇಲ್ಭಾಗ ಎಲ್ಲವನ್ನೂ ಸರ್ಕಾರಕ್ಕೆ ಬಿಟ್ಟುಕೊಟ್ಟು ನಿವೃತ್ತರಾದವರು. ಹೊಸ ಬೋರ್ಡು ಬಂದ ಮೇಲೆ ಯಜಮಾನ್ತಿ ಅವರನ್ನು 'ಜೋಡಿ ಕೈ' ಎಂಬ ಬಗೆಗೆ ಸೇರಿಸಿದ್ದಳು: ಮೊದಲ ಅರ್ಧ ಗಂಟೆ ಮೇಷ್ಟ್ರು ಆಳಕ್ಕೆ ಒತ್ತುವುದು, ಆಮೇಲಿನ ಅರ್ಧ ಗಂಟೆ ನಿಂಬೆಹುಲ್ಲು ಹಗುರವಾಗಿ ಸವರಿ ಶಮನ ಮಾಡುವುದು.

ಆ ಮಂಗಳವಾರ ಮೇಷ್ಟ್ರು ಎಂದಿನಂತೆ ಕೈ ಇಟ್ಟು ಕಣ್ಣು ಮುಚ್ಚಿದರು. ಏನೂ ತಿಳಿಯಲಿಲ್ಲ. ಭುಜದ ಮೂಳೆಯ ಅಂಚು ಎಲ್ಲಿ, ಅದರ ಪಕ್ಕ ಹನ್ನೊಂದು ವರ್ಷದಿಂದ ತಾವೇ ಸಾಕಿದ ಗಂಟು ಎಲ್ಲಿ, ಎಲ್ಲ ನೆನಪಿನಿಂದ ಹುಡುಕಬೇಕಾಯಿತು. ತೋಳಿನ ಬಲ ಸಾಲದೆ ಇಡೀ ಮೈಭಾರ ಹಾಕಿ ಹೆಬ್ಬೆರಳು ಊರಿದರು.

"ಮೇಷ್ಟ್ರೆ, ಇವತ್ತು ಸ್ವಲ್ಪ ಜೋರಾಯ್ತಾ ಅಂತ," ತೂತಿನೊಳಗಿಂದ ಟೈಪಿಸ್ಟಮ್ಮನ ದನಿ ಬಂತು.

"ಗಂಟು ಹಳೇದು ನೋಡಿ. ಒಂದೇ ಮಾತಿಗೆ ಕೇಳಲ್ಲ."

"ಅದಕ್ಕೂ ನನ್ನದೇ ಸ್ವಭಾವ ಬಂದಿದೆ ಅಂತಾಯ್ತು," ಎಂದು ಅವರು ಹಲ್ಲು ಕಚ್ಚಿ ಸುಮ್ಮನಾದರು. ಮೇಷ್ಟ್ರಿಗೆ ಗೊತ್ತಿರುತ್ತದೆ ಎಂಬ ಹನ್ನೊಂದು ವರ್ಷದ ವಿಶ್ವಾಸ ಅದು.

ಒಂದು ಗಳಿಗೆ ಮೇಷ್ಟ್ರಿಗೆ ಕಣ್ಣು ತೆರೆದು ನೋಡಿಬಿಡೋಣ ಅನ್ನಿಸಿತು. ತೆರೆಯಲಿಲ್ಲ. ಸ್ವಂತ ಮನೆಯ ಬಚ್ಚಲಿಗೆ ದಾರಿ ಯಾವುದು ಎಂದು ನೆಂಟರನ್ನು ಕೇಳಿದ ಹಾಗಾಗುತ್ತಿತ್ತು ಅದು. ಅರ್ಧ ಗಂಟೆ ಮುಗಿಸಿ, ಟವೆಲ್ ಹೊದಿಸಿ, ನಿಂಬೆಹುಲ್ಲನ್ನು ಒಳಗೆ ಕಳಿಸಿ ತಾವು ಟೀ ಕುಡಿಯಲು ಹೋದರು. ಟೀ ಲೋಟ ಎಡಗೈಯಲ್ಲಿತ್ತು.

ಗುರುವಾರ ಟೈಪಿಸ್ಟಮ್ಮನ ಸೊಸೆ ಮೆಟ್ಟಿಲು ಹತ್ತಿ ಬಂದಳು. ಯಜಮಾನ್ತಿಯ ಮೇಜಿನ ಮೇಲೆ ಫೋನಿಟ್ಟು ಫೋಟೋ ತೋರಿಸಿದಳು. ಬೆನ್ನಹುರಿಯ ಎರಡೂ ಬದಿಗೆ ಸಾಲಾಗಿ ನೀಲಿ ಕಲೆಗಳು, ಕಚೇರಿಯ ಕಾಗದಕ್ಕೆ ಸೀಲು ಒತ್ತಿಕೊಂಡು ಹೋದ ಹಾಗೆ.

"ಡಾಕ್ಟರ್ ಹತ್ರ ಕರ್ಕೊಂಡು ಹೋದ್ರೆ ಅವರು ಏನು ಕೇಳಿದ್ರು ಗೊತ್ತಾ? ಮನೇಲಿ ಯಾರಾದ್ರೂ ಇವರಿಗೆ ಹೊಡೀತಾರಾ ಅಂತ. ಕೇಳಿದ್ದು ನಮ್ಮತ್ತೇನ, ನೋಡಿದ್ದು ನನ್ನ ಮುಖ. ಇಪ್ಪತ್ತು ವರ್ಷದಿಂದ ಅವರ ಕಾಫಿಗೆ ಸಕ್ಕರೆ ಎಷ್ಟು ಅಂತ ಅಳೆದು ಹಾಕ್ತಿದೀನಿ ನಾನು," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೇ ವಾಸಿಯಿತ್ತು.

ಅವಳು ಇಳಿದುಹೋದ ಮೇಲೆ ಯಜಮಾನ್ತಿ ಇಬ್ಬರನ್ನೂ ಕರೆದಳು. "ಆ ದಿನ ಆ ಬೆನ್ನು ಮುಟ್ಟಿದವರು ಇಬ್ಬರೇ. ಯಾರು, ಏನು, ನೀವೇ ಹೇಳಿ."

"ನಾನು ಒಳಗೆ ಹೋದಾಗ ಆಗಲೇ ಕೆಂಪಗಿತ್ತು," ಎಂದಳು ನಿಂಬೆಹುಲ್ಲು. "ಮೇಷ್ಟ್ರು ಮಾಡಿದ ಮೇಲೆ ಯಾವಾಗಲೂ ಒಂಚೂರು ಕೆಂಪಗಿರುತ್ತೆ. ಅದಕ್ಕೇ ಕೇಳಲಿಲ್ಲ."

ಯಜಮಾನ್ತಿ ಫೋಟೋವನ್ನು ತನ್ನ ಫೋನಿಗೆ ಹಾಕಿಸಿಕೊಂಡಿದ್ದಳು. ಅದನ್ನು ಮೇಷ್ಟ್ರ ಕಡೆ ತಿರುಗಿಸಿದಳು. ಮೇಷ್ಟ್ರು ನೋಡಲಿಲ್ಲ. ಕಿಟಕಿಯಾಚೆ ಕನ್ನಡಕದ ಅಂಗಡಿಯ ಬೋರ್ಡಿನ ಬೆನ್ನು ಕಾಣುತ್ತಿತ್ತು. ಅದನ್ನು ನೋಡುತ್ತಾ, "ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಒಬ್ಬರ ಮೈಮೇಲೆ ಒಂದು ಕಲೆ ಬಿದ್ದಿಲ್ಲ," ಎಂದರು.

ಅದು ಸುಳ್ಳಲ್ಲ. ಹೋದ ಮಂಗಳವಾರದವರೆಗೆ ಅಕ್ಷರಶಃ ನಿಜ. ಅಷ್ಟೊಂದು ನಿಜವಾದ ಮಾತು ಅಷ್ಟು ಕೆಟ್ಟ ಕೆಲಸಕ್ಕೆ ಬರಬಹುದು ಎಂದು ಮೇಷ್ಟ್ರಿಗೆ ತಿಳಿದದ್ದು ಬಾಯಿಂದ ಹೊರಬಿದ್ದ ಮೇಲೆ.

ಯಜಮಾನ್ತಿ ಸ್ವಲ್ಪ ಹೊತ್ತು ಯೋಚಿಸಿದಳು. ಬೋರ್ಡಿನಲ್ಲಿ ಯಾರ ಹೆಸರು ಮೇಲಿದೆ ಎಂಬುದೂ ಆ ಯೋಚನೆಯಲ್ಲಿ ಬಂದಿರಬೇಕು. "ಇದು ತಣ್ಣಗಾಗೋವರೆಗೆ ನೀನು ಮನೇಲಿರಮ್ಮ. ಆಮೇಲೆ ನೋಡೋಣ," ಎಂದು ನಿಂಬೆಹುಲ್ಲಿಗೆ ಹೇಳಿದಳು.

ನಿಂಬೆಹುಲ್ಲು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ತನ್ನ ಎಣ್ಣೆ ಸೀಸೆಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲ ತಲೆಯಲ್ಲಿ ಮೇಷ್ಟ್ರು ನಿಂತಿದ್ದರು; ದಾರಿ ಬಿಡಲೋ, ಏನಾದರೂ ಹೇಳಲೋ, ಅವರಿಗೇ ಗೊತ್ತಿರಲಿಲ್ಲ.

"ಒಂದೇ ಒಂದು ಹೇಳಿ ಮೇಷ್ಟ್ರೆ. ಆ ಥರ ಕಲೆ ಬೀಳಿಸೋಷ್ಟು ಬಲ ನನ್ನ ಕೈಲಿದೆ ಅಂತ ನೀವು ನಂಬ್ತೀರಾ? ಧೂಳು ಹೊಡೆಯೋಳು ಅಂತಿದ್ರಲ್ಲ."

ಮೇಷ್ಟ್ರು ಪಕ್ಕಕ್ಕೆ ಸರಿದು ನಿಂತರು. ಇಪ್ಪತ್ತೆರಡು ಮೆಟ್ಟಿಲು ಇಳಿಯುವವರೆಗೂ ಸೀಸೆಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು.

ಮನೆಯಲ್ಲಿ ಅವರು ಈ ಸಂಗತಿಯನ್ನು ಬೇರೆ ರೀತಿ ಹೇಳಿದರು. "ಆ ನಿಂಬೆಹುಲ್ಲು ಏನೋ ಎಡವಟ್ಟು ಮಾಡ್ಕೊಂಡಳು, ಪಾಪ," ಎಂದರು. 'ಪಾಪ' ಎಂಬುದನ್ನು ಸೇರಿಸಿದ್ದರಿಂದ ತಮ್ಮ ಪಾಲಿನ ಕರ್ತವ್ಯ ಮುಗಿಯಿತು ಅಂದುಕೊಂಡಿದ್ದರು. ಮುಗಿಯಲಿಲ್ಲ. ಮರುದಿನ ಮಧ್ಯಾಹ್ನ ಹೆಂಡತಿ ಗಿರಾಕಿಗೆ ಬಟ್ಟೆ ಕೊಟ್ಟುಬರಲು ಹೋದಾಗ, ಹೊಲಿಗೆ ಯಂತ್ರದ ಮುಂದೆ ಕೂತು, ಅವಳ ಪಿನ್ನಿನ ಡಬ್ಬಿಯಿಂದ ಒಂದು ಪಿನ್ನು ತೆಗೆದು ಬಲಗೈಯ ಹೆಬ್ಬೆರಳಿಗೆ ಚುಚ್ಚಿಕೊಂಡರು. ಏನೂ ಆಗಲಿಲ್ಲ. ತುಸು ಆಳಕ್ಕೆ ಚುಚ್ಚಿದರು. ಯಾರದೋ ಬೆರಳು ನೋಡುತ್ತಿದ್ದ ಹಾಗಿತ್ತು. ಪಕ್ಕದ ಬೆರಳು, ಅದರ ಪಕ್ಕದ್ದು. ಕಿರುಬೆರಳಿಗೆ ಬಂದಾಗ ಮಾತ್ರ "ಹಾ" ಎಂದರು. ಅವರಿಗೆ ಆ ಕಿರುಬೆರಳಿನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ನಾಲ್ಕು ದಿನ ಇದೇ ಆಯಿತು. ನಿನ್ನೆ ಸತ್ತ ಬೆರಳು ಇಂದು ಎದ್ದಿರಬಹುದು ಎಂಬ ಆಸೆ. ನಾಲ್ಕನೆಯ ದಿನ ಮೇಜಿನ ಮೇಲಿದ್ದ ಯಾರದೋ ಬಿಳಿ ಅಂಗಿಗೆ ಮೂರು ಹನಿ ರಕ್ತ ಬಿದ್ದದ್ದೂ ತಿಳಿಯಲಿಲ್ಲ.

ಹೆಂಡತಿ ಬಂದು ಅಂಗಿ ನೋಡಿದಳು. ಆಮೇಲೆ ಅವರ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳ ತುದಿಯ ತುಂಬ ಸಣ್ಣ ಸಣ್ಣ ಚುಕ್ಕಿ.

"ಪಿನ್ನು ಚುಚ್ಚಿಡೋಕೆ ನನ್ನ ಹತ್ರ ಬೇರೆ ದಿಂಬಿದೆ," ಎಂದಳು. "ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಅಂಗಿ ಗುಂಡಿ ಹಾಕ್ಕೊಳ್ಳೋವಾಗ ಕನ್ನಡಿ ಮುಂದೆ ನಿಂತ್ಕೋತೀರಿ. ಮುಂಚೆ ನಿಲ್ತಿರಲಿಲ್ಲ. ಬೆರಳು ಎಲ್ಲಿದೆ ಅಂತ ಕಣ್ಣಲ್ಲಿ ಹುಡುಕ್ತೀರಿ. ನಾನು ಸುಮ್ನಿದ್ದೆ, ನೀವಾಗೇ ಹೇಳ್ತೀರ ಅಂತ."

ಮೇಷ್ಟ್ರು ಕೈ ಹಿಂದಕ್ಕೆ ಎಳೆದುಕೊಂಡರು. "ಒಂದು ವರ್ಷ," ಎಂದರು ಕೊನೆಗೆ.

ಹೆಂಡತಿ ಅಂಗಿಯ ಕಲೆಯನ್ನು ನೋಡುತ್ತಾ ನಿಂತಳು. ಬಾಯಲ್ಲಿ ಪಿನ್ನು ಇರಲಿಲ್ಲ, ಆದರೂ ಇದ್ದ ಹಾಗೆ ತುಟಿ ಬಿಗಿಹಿಡಿದಿದ್ದಳು. ಅವಳ ಲೆಕ್ಕಾಚಾರ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ಮೇಷ್ಟ್ರಿಗೆ ಕಾಣುತ್ತಿತ್ತು. ತಡೆಯಲು ದಾರಿ ಇರಲಿಲ್ಲ.

"ಹಾಗಾದ್ರೆ ಆ ಹೆಂಗಸು ಯಾಕೆ ಮನೇಲಿದಾಳೆ?"

ಅವಳು ಅಂಗಿ ಎತ್ತಿಕೊಂಡು ಬಚ್ಚಲಿನ ಕಡೆ ಹೊರಟಳು. "ಇದನ್ನ ನಾನು ತೊಳೀತೀನಿ," ಎಂದಳು. "ಇಷ್ಟು ವರ್ಷ ಎಲ್ಲ ನಾನೇ ಮಾಡಿದ್ದು, ಅಲ್ಲಿ ಹೋಗಿ ನಿಜ ಹೇಳೋದನ್ನೂ ನಾನೇ ಮಾಡೋ ಹಾಗಿದ್ದಿದ್ರೆ ಮಾಡಿಬಿಡ್ತಿದ್ದೆ. ಅದು ನನ್ನಿಂದ ಆಗಲ್ಲ."

ಮಂಗಳವಾರ ಬಂತು. ಟೈಪಿಸ್ಟಮ್ಮ ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಸರಿಯಾದ ಹೊತ್ತಿಗೆ ಮೆಟ್ಟಿಲ ಮೇಲೆ ಅವರ ಏದುಸಿರು ಕೇಳಿಸಿತು.

"ಸೊಸೆಗೆ ಲೈಬ್ರರಿಗೆ ಹೋಗ್ತೀನಿ ಅಂತ ಹೇಳಿ ಬಂದಿದೀನಿ. ವಾಪಸ್ ಹೋಗೋವಾಗ ಒಂದು ಪುಸ್ತಕ ಹಿಡ್ಕೊಂಡು ಹೋಗ್ಬೇಕು, ನೆನಪು ಮಾಡಿ," ಎಂದು ಹೇಳಿ ಕೋಣೆಗೆ ಹೋಗಿ, ಬಟ್ಟೆ ಸಡಿಲಿಸಿ ಬೋರಲು ಮಲಗಿದರು. ಮೇಷ್ಟ್ರು ಒಳಗೆ ಬಂದು, ಅಭ್ಯಾಸಬಲದಿಂದ ಕೈ ಮುಂದೆ ಚಾಚಿ ಕಣ್ಣು ಮುಚ್ಚಿದರು.

"ಇವತ್ತು ಒತ್ತಬೇಡಿ ಮೇಷ್ಟ್ರೆ," ತೂತಿನಿಂದ ದನಿ ಬಂತು. "ನೋಡಿ."

"ಏನಮ್ಮ?"

"ಕಣ್ಣು ಬಿಟ್ಟು ನೋಡಿ ಅಂದೆ. ನಿಮ್ಮ ಚಪ್ಪಲೀನ ನಾನು ಹನ್ನೊಂದು ವರ್ಷ ನೋಡಿದೀನಿ. ನನ್ನ ಬೆನ್ನನ್ನ ನೀವು ಒಂದು ಸಲ ನೋಡಿ."

ಮೇಷ್ಟ್ರು ಕಣ್ಣು ತೆರೆದರು.

ಅದು ಅವರಿಗೆ ಗೊತ್ತಿದ್ದ ಬೆನ್ನಾಗಿರಲಿಲ್ಲ. ಕೈಗೆ ಗೊತ್ತಿದ್ದದ್ದು ದೊಡ್ಡ ಪ್ರದೇಶ, ಏರು, ತಗ್ಗು, ಗಟ್ಟಿ ನೆಲ. ಎದುರಿಗಿದ್ದದ್ದು ಒಬ್ಬ ಮುದುಕಿಯ ಸಣ್ಣ ಬೆನ್ನು. ಎಡಭುಜದ ಕೆಳಗೆ ಒಂದು ಮಚ್ಚೆ, ಸೊಂಟದ ಹತ್ತಿರ ಎಂದೋ ಹೊಲಿಗೆ ಹಾಕಿದ ಗೆರೆ. ಇವೆರಡೂ ಅಲ್ಲಿವೆ ಎಂದು ಅವರಿಗೆ ತಿಳಿದೇ ಇರಲಿಲ್ಲ. ನಡುವೆ ಕಲೆಗಳು. ನೀಲಿ ಹೋಗಿ ಹಳದಿ ಹಸಿರಾಗಿದ್ದವು. ಎಡಸಾಲು ತಿಳಿ, ಬಲಸಾಲು ಕಡು. ಮೇಷ್ಟ್ರು ಬಲಗೈಯ ಹೆಬ್ಬೆರಳನ್ನು ಒಂದು ಕಲೆಯ ಮೇಲೆ ತಂದು, ತಾಗಿಸದೆ, ಗಾಳಿಯಲ್ಲೇ ಹಿಡಿದರು. ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

"ನಾನೊಂದು ಕತೆ ಹೇಳ್ತೀನಿ, ಟವೆಲ್ ಹೊದಿಸಿ," ಎಂದರು ಟೈಪಿಸ್ಟಮ್ಮ. ಹೊದಿಸಿದ ಮೇಲೆ ಮುಖ ಎತ್ತದೆಯೇ ಹೇಳಿದರು. "ನಾನೂ ನಿಮ್ಮ ಹಾಗೇನೇ. ಕೀಲಿ ನೋಡ್ತಿರಲಿಲ್ಲ. ಕಚೇರಿಗೆ ಯಾರಾದ್ರೂ ದೊಡ್ಡವರು ಬಂದ್ರೆ ನನ್ನ ಹತ್ರ ಕರ್ಕೊಂಡು ಬಂದು, ನೋಡಿ ಸಾರ್, ಈಕೆ ಕಿಟಕಿ ಕಡೆ ನೋಡ್ಕೊಂಡು ಟೈಪ್ ಮಾಡ್ತಾಳೆ ಅಂತ ತೋರಿಸ್ತಿದ್ರು. ನಾನು ಬೇಕೂ ಅಂತಾನೇ ಕಿಟಕಿ ಕಡೆ ನೋಡ್ತಿದ್ದೆ. ಒಂದು ದಿನ ದೊಡ್ಡ ಸಾಹೇಬರ ಅರ್ಜೆಂಟ್ ಕಾಗದ. ಎರಡು ಪುಟ ಒಂದೇ ಉಸಿರಿಗೆ ಹೊಡೆದು ತೆಗೆದು ಕಳಿಸಿಬಿಟ್ಟೆ. ಆಮೇಲೆ ಗೊತ್ತಾಯ್ತು, ಶುರುವಿನಲ್ಲೇ ಬೆರಳು ಒಂದು ಕೀಲಿ ಆಚೆ ಕೂತಿತ್ತು. ಎರಡು ಪುಟ ಪೂರ್ತಿ ಪ್ರಪಂಚದಲ್ಲಿ ಯಾವ ಭಾಷೇಲೂ ಇಲ್ಲದ ಮಾತು."

ಮೇಷ್ಟ್ರಿಗೆ ನಗು ಬಂತು. ತೂತಿನೊಳಗೂ ಒಂದು ಸಣ್ಣ ನಗು ಕೇಳಿಸಿತು.

"ನಗ್ಬೇಡಿ, ಇನ್ನೂ ಮುಗಿದಿಲ್ಲ. ಸಾಹೇಬರು ಕರೆದು ಕೇಳಿದಾಗ ನಾನೇನಂದೆ ಗೊತ್ತಾ? ಊಟದ ಹೊತ್ತಲ್ಲಿ ಪಕ್ಕದ ಮೇಜಿನೋಳು ನನ್ನ ಮಿಷನ್ ಮುಟ್ಟಿದಾಳೆ, ಏನೋ ಕೆಡಿಸಿದಾಳೆ ಅಂದೆ. ನನ್ನ ಮಾತಿಗೆ ಬೆಲೆ ಇತ್ತು. ಅವಳನ್ನ ಗೋದಾಮಿನ ಕಡೆ ಹಾಕಿದ್ರು. ಆಮೇಲೆ ಎಲ್ಲಿಗೋ ಬಿಟ್ಟುಹೋದ್ಲು. ಮೂವತ್ತೆಂಟು ವರ್ಷ ಆಯ್ತು." ಟವೆಲನ್ನು ಭುಜದವರೆಗೆ ಎಳೆದುಕೊಂಡು ಕೇಳಿದರು. "ಹನ್ನೊಂದು ವರ್ಷ ನನ್ನ ಬೆನ್ನು ಮುಟ್ಟಿದೀರಲ್ಲ, ಅದು ಯಾವತ್ತಾದ್ರೂ ನಿಮ್ಮ ಕೈಗೆ ಸಿಕ್ಕಿತ್ತಾ?"

"ಇಲ್ಲಮ್ಮ," ಎಂದರು ಮೇಷ್ಟ್ರು. ತಮ್ಮ ಕೈಗೆ ತಿಳಿಯದ್ದು ಒಂದಿದೆ ಎಂದು ಅವರು ಇನ್ನೊಬ್ಬರ ಮುಂದೆ ಒಪ್ಪಿಕೊಂಡದ್ದು ಅದೇ ಮೊದಲು.

"ಆ ಹೆಂಗಸನ್ನ ತೆಗೆದುಬಿಟ್ರು ಅಂತ ಸೊಸೆ ಸಮಾಧಾನವಾಗಿ ಹೇಳಿದ್ಲು. ನನಗೆ ನಿದ್ದೆ ಬರ್ಲಿಲ್ಲ. ಯಾರ ಹೆಬ್ಬೆರಳು ಎಷ್ಟು ದಪ್ಪ ಅಂತ ನನ್ನ ಬೆನ್ನಿಗೆ ಗೊತ್ತಿಲ್ವಾ ಮೇಷ್ಟ್ರೆ?"

ಮೇಷ್ಟ್ರು ಹೊರಗೆ ಬಂದು ನೇರ ಯಜಮಾನ್ತಿಯ ಮೇಜಿನ ಮುಂದೆ ನಿಂತರು. ಅವರು ಮನಸ್ಸಿನಲ್ಲೇ ಒಂದು ಗಂಭೀರವಾದ ಭಾಷಣ ಸಿದ್ಧಮಾಡಿಕೊಂಡಿದ್ದರು. ಅದರಲ್ಲಿ 'ಮೂವತ್ತು ವರ್ಷದ ಸೇವೆ' ಎಂಬುದು ಎರಡು ಕಡೆ ಬರುತ್ತಿತ್ತು. ಬಾಯಿಂದ ಬಂದದ್ದು, "ಅದು ನನ್ನ ಕೈ. ಬಲಗೈಗೆ ಸ್ಪರ್ಶ ಇಲ್ಲ. ಒಂದು ವರ್ಷ ಆಯ್ತು," ಎಂದಷ್ಟೇ.

ಯಜಮಾನ್ತಿ ಅವರ ಬಲಗೈಯನ್ನು ನೋಡಿದಳು. "ಬೋರ್ಡು ಬರೆಸಿ ಇನ್ನೂ ಮೂರೇ ತಿಂಗಳು," ಎಂದಳು. ಅದು ಮರುಕವೋ ಸಿಟ್ಟೋ ಅವಳಿಗೇ ಗೊತ್ತಾದಂತಿರಲಿಲ್ಲ. ಆಮೇಲೆ, "ಅವಳಿಗೆ ನಾನು ಫೋನ್ ಮಾಡಲ್ಲ. ನೀವೇ ಹೋಗಿ ಹೇಳಿ. ಅವಳು ಬರಲ್ಲ ಅಂದ್ರೆ ನೀವೂ ಬರಬೇಡಿ," ಎಂದಳು.

ನಿಂಬೆಹುಲ್ಲಿನ ಮನೆ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ನಲ್ಲಿ ಇದ್ದದ್ದು ಕೆಳಗೆ. ಪ್ರತಿ ಮನೆಯ ಬಾಗಿಲಲ್ಲೂ ನೀರು ತುಂಬಿದ ಬಕೆಟ್ಟು. ಬಾಗಿಲು ತೆರೆದೇ ಇತ್ತು. ಒಳಗೆ ಮಂಚದ ಮೇಲೆ ಒಬ್ಬ ಮುದುಕಿ, ಅವಳ ಅತ್ತೆ, ಕಾಲು ಚಾಚಿ ಕೂತಿದ್ದಳು. ಬಲಗಾಲು ಮೊಳಕಾಲಿನ ಕೆಳಗೆ ಕಂಬದ ಹಾಗೆ ಊದಿತ್ತು. ನಿಂಬೆಹುಲ್ಲು ನೆಲದಲ್ಲಿ ಕೂತು ಆ ಕಾಲನ್ನು ಸವರುತ್ತಿದ್ದಳು.

"ಯಾರಮ್ಮ ಅದು, ನೀರಿನವನಾ?" ಎಂದಳು ಮುದುಕಿ.

ನಿಂಬೆಹುಲ್ಲು ತಲೆ ಎತ್ತಿ ನೋಡಿ, ಮತ್ತೆ ಕಾಲಿನ ಕಡೆ ತಿರುಗಿದಳು. "ಅಲ್ಲ ಅತ್ತೆ, ಕೆಲಸದ ಕಡೆಯವರು," ಎಂದಳು. ಕೂತುಕೊಳ್ಳಿ ಎನ್ನಲಿಲ್ಲ.

ಮೇಷ್ಟ್ರು ಬಾಗಿಲಲ್ಲೇ ನಿಂತರು. ಈ ಕೆಲಸವನ್ನು ಅವರು ಎಂದೂ ಕಣ್ಣಿಟ್ಟು ನೋಡಿರಲಿಲ್ಲ, ನೋಡದೆಯೇ ಹೆಸರಿಟ್ಟಿದ್ದರು. ಅವಳ ಅಂಗೈ ಚರ್ಮವನ್ನು ಒತ್ತುತ್ತಿರಲಿಲ್ಲ. ಚರ್ಮ ಎಲ್ಲಿಗೆ ಹೋಗಬೇಕು ಎಂದು ಕೇಳಿಕೊಂಡು ಅದರ ಜೊತೆಗೆ ಒಂದಿಷ್ಟು ದೂರ ನಡೆದು, ಬಿಟ್ಟು, ಮತ್ತೆ ಹಿಂದಕ್ಕೆ ಬರುತ್ತಿತ್ತು. ಪಾದದ ಕಡೆ ಮಿರಮಿರ ಹೊಳೆಯುತ್ತಿದ್ದ ಚರ್ಮದಲ್ಲಿ, ಅವಳು ಮುಗಿಸಿ ಬಂದ ಕಡೆ, ಸಣ್ಣ ಸುಕ್ಕುಗಳು ಕಾಣತೊಡಗಿದ್ದವು. ಕಣ್ಣು ಅವಳ ಕೈಯ ಮೇಲೇ ಇತ್ತು, ರೆಪ್ಪೆ ಹೊಡೆಯದೆ.

"ಆ ಕಲೆ ನಂದು," ಎಂದರು ಮೇಷ್ಟ್ರು. "ಅವತ್ತೇ ಗೊತ್ತಿತ್ತು. ಅಂದ್ರೆ, ಗೊತ್ತು ಮಾಡ್ಕೊಳ್ಳಲಿಲ್ಲ. ಯಜಮಾನ್ತಿಗೆ ಹೇಳಿ ಬಂದಿದೀನಿ."

ಅವಳ ಕೈ ನಿಲ್ಲಲಿಲ್ಲ. "ಐದು ದಿನ," ಎಂದಳು. "ಪಕ್ಕದ ಮನ್ಯೋರು ಕೇಳಿದ್ರು, ಕೆಲಸದಲ್ಲಿ ಯಾರೋ ಅಜ್ಜಿಗೆ ಹೊಡೆದ್ಯಂತೆ ಹೌದಾ ಅಂತ. ನಮ್ಮತ್ತೆ ಕಾಲು ಮುಟ್ಟಿಸ್ಕೊಳ್ಳೋಕೆ ಎರಡು ದಿನ ಹೆದರಿದ್ರು."

"ನಾನೆಲ್ಲಿ ಹೆದರಿದೆ?" ಎಂದಳು ಮುದುಕಿ. "ಒಂದೇ ದಿನ."

ಕ್ಷಮಿಸು ಎಂಬ ಮಾತು ದೊಡ್ಡ ಜನರ ಮಧ್ಯೆ ಸಿಕ್ಕಿಕೊಂಡ ಬಡವನ ಹಾಗೆ ಮೇಷ್ಟ್ರ ಬಾಯಿಂದ ತೀರಾ ಸಣ್ಣ ದನಿಯಲ್ಲಿ ಹೊರಬಿತ್ತು.

ನಿಂಬೆಹುಲ್ಲು ಅತ್ತೆಯ ಕಾಲಿಗೆ ಬಟ್ಟೆ ಮುಚ್ಚಿ, ಎದ್ದು ಕೈ ಒರೆಸಿಕೊಂಡಳು. "ಕೈ ಕೊಡಿ," ಎಂದಳು. "ಕಣ್ಣು ಮುಚ್ಚಿ. ಅದು ನಿಮಗೆ ಚೆನ್ನಾಗಿ ಬರುತ್ತಲ್ಲ. ಮುಟ್ಟಿದ ಕೂಡಲೇ ಹೇಳಿ."

ಮೇಷ್ಟ್ರು ಬಲಗೈ ಚಾಚಿ ಕಣ್ಣು ಮುಚ್ಚಿದರು. ಕೋಣೆಯಲ್ಲಿ ನಿಂಬೆಹುಲ್ಲಿನ ವಾಸನೆ ಇತ್ತು. ಕೆಳಗೆ ಯಾರೋ ನಲ್ಲಿ ತಿರುಗಿಸಿದರು. ಮೇಷ್ಟ್ರು ಉಸಿರು ಬಿಗಿಹಿಡಿದು, ಇಡೀ ಮೈಯನ್ನು ಬೆರಳಿನ ತುದಿಗೆ ತಂದು ಕಾದರು. ಬಹಳ ಹೊತ್ತು ಕಾದ ಹಾಗನ್ನಿಸಿತು.

"ಶುರು ಮಾಡಮ್ಮ," ಎಂದರು.

"ಆಗಲೇ ಮೂರು ಬೆರಳು ಮುಗೀತು ಮೇಷ್ಟ್ರೆ."

ಅವರು ಕಣ್ಣು ತೆರೆದರು. ಅವಳ ತೋರುಬೆರಳು ಅವರ ನಡುಬೆರಳಿನ ಮೇಲಿತ್ತು. ತಮ್ಮದೇ ಕೈಯ ಮೇಲೆ ಅದು ಇರುವುದನ್ನು ಅವರು ನೋಡಿದರು, ನೋಡಿಯಷ್ಟೇ ತಿಳಿದರು.

"ಮಣಿಕಟ್ಟಲ್ಲಿ ನರ ಅದುಮಿಕೊಂಡಿದೆ. ಈ ಕೆಲಸದಲ್ಲಿ ಆಗುತ್ತೆ, ನಮಗೆ ಕಲಿಸೋವಾಗ ಮೊದಲನೇ ವಾರ ಹೇಳಿದ್ರು," ಎಂದಳು. "ಡಾಕ್ಟರಿಗೆ ತೋರಿಸಿ. ಒಂದು ವರ್ಷ ಮುಚ್ಚಿಟ್ಟಿದ್ದೀರಿ, ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ. ಬರೋ ಮಂಗಳವಾರ ನಾನು ಬರ್ತೀನಿ. ನಿಮಗೋಸ್ಕರ ಅಲ್ಲ. ಆಕೆಯ ಬೆನ್ನಲ್ಲಿ ನೀರು ನಿಂತಿರುತ್ತೆ, ಇಳಿಸಬೇಕು."

"ಸರಿ," ಎಂದರು ಮೇಷ್ಟ್ರು.

ಅವರು ಬಾಗಿಲು ದಾಟುತ್ತಿದ್ದಂತೆ ಒಳಗಿನಿಂದ ಮುದುಕಿ ಕೂಗಿದಳು. "ಏನಪ್ಪ, ಹೋಗೋನು ಹೋಗ್ತೀಯ, ಆ ಬಕೆಟ್ಟು ಒಳಗಿಟ್ಟು ಹೋಗು."

"ಅತ್ತೆ, ಅವರು ನೀರಿನವರಲ್ಲ," ಎಂದಳು ನಿಂಬೆಹುಲ್ಲು.

ಮೇಷ್ಟ್ರು ಬಗ್ಗಿದರು. ಬಕೆಟ್ಟಿನ ಹಿಡಿಯ ಸುತ್ತ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು. ಹೆಬ್ಬೆರಳು ಮೇಲೆ ಬಂದು ಕೂತಿದೆಯೇ ಎಂದು ನೋಡಿ ಖಚಿತಪಡಿಸಿಕೊಂಡರು. ಎತ್ತಿದರು. ಹೊಸ್ತಿಲು ದಾಟಿ, ಒಲೆಯ ಪಕ್ಕದವರೆಗೆ, ಕಣ್ಣನ್ನು ಬೆರಳಿನಿಂದ ಒಂದು ಚಣವೂ ತೆಗೆಯದೆ ನಡೆದರು. ಅರ್ಧ ಬಕೆಟ್ ನೀರು ದಾರಿಯಲ್ಲೇ ತುಳುಕಿ ಅವರ ಚಪ್ಪಲಿ ನೆನೆದಿತ್ತು. ಅದನ್ನು ಅವರು ನೋಡಿರಲಿಲ್ಲ.